ಕಡಲ ಮೀನಿನ ವ್ಯಾಪಾರ: ಬಿಳಿಚುಕ್ಕೆ ರೋಗದ ತಡೆ ಮತ್ತು ಚಿಕಿತ್ಸೆ

ಪರೋಪಜೀವಿಯಿಂದಾಗುವ ನಷ್ಟವನ್ನು ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಬೆಳೆಗಾರರಿಗಾಗಲಿ ರೀಲರುಗಳಿಗಾಗಲಿ ವಿವರಿಸಬೇಕಾಗಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನೊಡನೆ ಕರ್ನಾಟಕಕ್ಕೆ ಬಂದ ಊಜಿ ನೊಣದ ಮರಿ ಒಮ್ಮೆ ರೇಷ್ಮೆ ಹುಳುವಿನ ಒಳಹೊಕ್ಕರೆ ಆ ಹುಳುವನ್ನು ಉಳಿಸಿಕೊಳ್ಳಲಾಗದು. ನೊಣವೇ ಒಳಬಾರದಂತೆ ಹುಳು ಮನೆಗೆ ಬಲೆ ಕಟ್ಟುವುದು ಮುಖ್ಯ ರಕ್ಷಣೆ. ಉಪ್ಪುನೀರಿನ ಅಲಂಕಾರಿಕ ಮೀನುಗಳನ್ನು ತರಿಸಿ ಮಾರಲು ಬಯಸುವ ವರ್ತಕರು ಇದೇ ನ್ಯಾಯವನ್ನು ಮೊದಲು ತಿಳಿದಿರಬೇಕು.

ಸಿಹಿನೀರಿನ ಮೀನಿಗೆ ಬಿಳಿಚುಕ್ಕೆ ಬಂದರೆ ನೀರನ್ನು ಬೆಚ್ಚಗೆ ಮಾಡಿ ಉಪ್ಪು ಹಾಕುವುದು ಅಂಗಡಿಗಳ ರೂಢಿ. ಕಡಲ ಮೀನಿಗೆ ಈ ಉಪಾಯ ಫಲಿಸದು. ಅದರ ಚುಕ್ಕೆಗೆ ಕಾರಣವಾದ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಬೇರೆಯೇ ಜೀವಿ. ಉಪ್ಪುನೀರೇ ಅದರ ಮನೆ. ಮೀನಿನ ಚರ್ಮ ಮತ್ತು ಕಿವಿರಿನೊಳಗೆ ಮೂರರಿಂದ ಏಳು ದಿನ ಬೆಳೆದು, ಬಳಿಕ ಕಳಚಿಕೊಂಡು ತೊಟ್ಟಿಯ ತಳದಲ್ಲಿ ಚೀಲದಂತಹ ಕೋಶ ಕಟ್ಟಿಕೊಳ್ಳುತ್ತದೆ. ಒಂದು ಕೋಶದಿಂದ ಇನ್ನೂರಕ್ಕೂ ಹೆಚ್ಚು ಮರಿಗಳು ಹೊರಬಂದು, ಒಂದೆರಡು ದಿನದೊಳಗೆ ಮೀನನ್ನು ಹುಡುಕಿಕೊಳ್ಳುತ್ತವೆ.

ವರ್ತಕನು ಮೋಸಹೋಗುವುದು ಇಲ್ಲಿಯೇ. ಚುಕ್ಕೆಗಳು ಮಾಯವಾದೊಡನೆ ರೋಗ ವಾಸಿಯಾಯಿತೆಂದು ಔಷಧಿ ನಿಲ್ಲಿಸಿ ಮೀನನ್ನು ಮಾರಲಾಗುತ್ತದೆ. ವಾಸ್ತವದಲ್ಲಿ ಜೀವಿಯು ತಳದ ಕೋಶಕ್ಕೆ ಇಳಿದಿರುತ್ತದೆ, ಕೋಶದೊಳಗಿರುವುದಕ್ಕೆ ಔಷಧಿ ತಾಗದು. ಎರಡನೆಯ ಬಾರಿ ಅದು ಅನೇಕ ಪಟ್ಟು ಹೆಚ್ಚಿ ಕಾಣಿಸಿಕೊಳ್ಳುವಾಗ ಮೀನು ಗ್ರಾಹಕನ ಮನೆಯಲ್ಲಿರುತ್ತದೆ. ದೂರು ಅಂಗಡಿಗೆ ಬರುತ್ತದೆ.

ಆದುದರಿಂದ ಚಿಕಿತ್ಸೆಯು ಕೋಶ ಒಡೆದು ಮರಿ ಹೊರಬರುವ ಕಾಲವನ್ನೆಲ್ಲ ಆವರಿಸಬೇಕು. ಪ್ರಚಲಿತ ಔಷಧಿ ತಾಮ್ರ. ದ್ರಾಕ್ಷಿ ಬೆಳೆಗಾರರು ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತದಲ್ಲಿರುವುದೂ ಇದೇ ತಾಮ್ರವಾದರೂ ಗೊಬ್ಬರದಂಗಡಿಯ ಪುಡಿಯನ್ನು ಅಂದಾಜಿನ ಮೇಲೆ ಹಾಕುವುದು ಮೀನನ್ನು ಕೊಂದಂತೆಯೇ. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರವನ್ನು ಕನಿಷ್ಠ ಮೂರು ವಾರ ಕಾಯ್ದುಕೊಳ್ಳಬೇಕು; ಕಡಿಮೆಯಾದರೆ ಫಲವಿಲ್ಲ, ಹೆಚ್ಚಾದರೆ ವಿಷ. ಪರೀಕ್ಷಾ ಕಿಟ್ಟಿನಿಂದ ದಿನವೂ ಅಳೆಯುವುದು ಅನಿವಾರ್ಯ. ಹವಳದ ಮರಳು ತಾಮ್ರವನ್ನು ಹೀರಿಕೊಳ್ಳುವುದರಿಂದಲೂ ಸೀಗಡಿ, ಬಸವನಹುಳುಗಳು ತಾಮ್ರದಿಂದ ಸಾಯುವುದರಿಂದಲೂ ಚಿಕಿತ್ಸೆಗೆ ಬರಿದಾದ ಪ್ರತ್ಯೇಕ ತೊಟ್ಟಿಯೇ ಬೇಕು. ತಾಮ್ರ ಬೇಡವೆನ್ನುವವರು ಮೂರು ದಿನಕ್ಕೊಮ್ಮೆ, ಒಟ್ಟು ನಾಲ್ಕು ಬಾರಿ, ತೊಳೆದು ಒಣಗಿಸಿ ಹೊಸ ನೀರು ತುಂಬಿದ ತೊಟ್ಟಿಗೆ ಮೀನನ್ನು ವರ್ಗಾಯಿಸಬಹುದು. ಕೋಶಗಳು ಹಿಂದಿನ ತೊಟ್ಟಿಯಲ್ಲೇ ಉಳಿಯುತ್ತವೆ. ಶ್ರಮ ಹೆಚ್ಚು, ಖರ್ಚು ಕಡಿಮೆ.

ಚುಕ್ಕೆಯ ಬದಲು ಮೈಮೇಲೆ ಹೊಂಬಣ್ಣದ ಧೂಳು ಉದುರಿಸಿದಂತೆ ಕಂಡು, ಮೀನು ಏದುಸಿರು ಬಿಡುತ್ತಿದ್ದರೆ ಅದು ಅಮೈಲೂಡಿನಿಯಂ ಎಂಬ ಇನ್ನೊಂದು ಪರೋಪಜೀವಿ ಇರಬಹುದು. ಅದಕ್ಕೂ ತಾಮ್ರವೇ ಮದ್ದು, ಆದರೆ ಕಾಯುವಂತಿಲ್ಲ. ಕೆಲವೇ ದಿನಗಳಲ್ಲಿ ತೊಟ್ಟಿ ಬರಿದಾಗುತ್ತದೆ.

ರೋಗ ಹೊಕ್ಕ ಪ್ರದರ್ಶನ ತೊಟ್ಟಿಯನ್ನು ಶುದ್ಧಗೊಳಿಸಲು ಅದನ್ನು ಮೀನಿಲ್ಲದೆ ಸುಮಾರು ಎರಡೂವರೆ ತಿಂಗಳು ಬಿಡಬೇಕಾಗುತ್ತದೆ. ಹೊಸ ಸರಕನ್ನು ಒಂದು ತಿಂಗಳು ಪ್ರತ್ಯೇಕವಾಗಿರಿಸಿದರೆ ಬಂಡವಾಳ ಕಟ್ಟಿಹಾಕಿದಂತಾಗುವುದೆಂಬ ಆಕ್ಷೇಪಕ್ಕೆ ಈ ಲೆಕ್ಕವೇ ಉತ್ತರ. ಎಲ್ಲ ತೊಟ್ಟಿಗಳಿಗೂ ಒಂದೇ ಶೋಧಕ ಜೋಡಿಸಿರುವ ಅಂಗಡಿಯಲ್ಲಂತೂ ಒಂದು ಮೀನಿನ ರೋಗ ಇಡೀ ಸರಕಿನ ರೋಗವೇ ಸರಿ. ಕಾಡು ಸರಕಿಗೆ ಬದಲಾಗಿ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಮೀನುಗಳನ್ನು ಕೊಳ್ಳುವುದು ಒಳಿತು; ಅವುಗಳ ಮರಿ ಉತ್ಪಾದನಾ ವಿಧಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಆದರೆ ಅವಕ್ಕೂ ರೋಗ ತಗುಲಬಲ್ಲುದಾದುದರಿಂದ ಪ್ರತ್ಯೇಕವಾಸ ತಪ್ಪದು.

ಜಿಲ್ಲೆಯ ಕೊಳವೆಬಾವಿಗಳ ಗಡಸು, ಫ್ಲೋರೈಡ್ ಮಿಶ್ರಿತ ನೀರಿಗೆ ನೇರವಾಗಿ ಸಮುದ್ರ ಲವಣ ಬೆರೆಸದೆ, ಆರ್.ಓ. ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಪ್ರಮಾಣದಲ್ಲಿ ಬೆರೆಸುವುದು ಲೇಸು. ಬಲೆ, ಬಕೆಟ್ಟು, ಪೈಪುಗಳು ಪ್ರತಿ ತೊಟ್ಟಿಗೂ ಬೇರೆಯಿರಲಿ. ಮೀನು ಬಂದ ಚೀಲದ ನೀರನ್ನು ತೊಟ್ಟಿಗೆ ಸುರಿಯದೆ ಮೋರಿಗೆ ಚೆಲ್ಲಬೇಕು.