ಗಾಡಿ ಉದ್ದವಾಯಿತೆಂದು ಬೆನ್ನೆಲುಬನ್ನು ಕತ್ತರಿಸಬೇಕೆ?

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಹಾಸಿಗೆ ಸಾಲದೆ ಹೋದರೆ ಕಾಲನ್ನು ಮಡಿಸಿಕೊಳ್ಳಬೇಕೆಂಬುದು ಈ ಗಾದೆಯ ತಾತ್ಪರ್ಯವೇ ಹೊರತು, ಕಾಲನ್ನೇ ಕತ್ತರಿಸಬೇಕೆಂಬುದಲ್ಲ. ಆದರೆ ಮನೆಯಂಗಳಕ್ಕಿಂತ ಉದ್ದವಾದ ಹಳೆಯ ಪಿಕಪ್ ಗಾಡಿಯೊಂದು ಕೈಸೇರಿದಾಗ ಕೆಲವು ಗೃಹಸ್ಥರಿಗೆ ಮೊದಲು ಹೊಳೆಯುವುದು ಈ ಕತ್ತರಿಸುವ ವಿಚಾರವೇ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸುತ್ತಿನ ಊರುಗಳಲ್ಲಿ ಗೊಬ್ಬರ, ಹುಲ್ಲು, ಅಡಿಕೆ, ಕಬ್ಬಿನ ಬೀಜ ಮುಂತಾದವನ್ನು ಸಾಗಿಸಲು ಇಂತಹ ಗಾಡಿಯು ಬಹಳ ಉಪಯುಕ್ತವಾದುದು. ಅದನ್ನು ಮನೆಯಲ್ಲಿಯೇ ಗಿಡ್ಡ ಮಾಡಬಹುದೇ, ಮಾಡಿದರೆ ಏನಾಗುವುದು, ಮಾಡದೆ ಬೇರೆ ಉಪಾಯವುಂಟೇ ಎಂಬುದನ್ನು ನಮ್ಮ ವಾಚಕರ ಮುಂದಿಡಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಈ ವಿಚಾರವು ನಮ್ಮವರಿಗೆ ಸಹಜವಾಗಿ ಬಂದುದಕ್ಕೆ ಕಾರಣವಿದೆ. ಚಕ್ಕಡಿಯ ಮೇಲಿನ ಚೌಕಟ್ಟು ಉದ್ದವಾಯಿತೆಂದರೆ ಬಡಿಗನನ್ನು ಕರೆಯಿಸಿ ಎರಡು ಗೇಣು ಕೊಯ್ಯಿಸುವೆವು. ಹುಲ್ಲು ಹೇರಬೇಕಾದಾಗ ಗಳಗಳನ್ನು ಕಟ್ಟಿ ಉದ್ದ ಮಾಡುವೆವು. ಚಕ್ಕಡಿಗೆ ಇರುವುದು ಒಂದೇ ಅಚ್ಚು. ಭಾರವು ಹಿಂದುಮುಂದಾದರೆ ನೊಗವೇ ಅದನ್ನು ತಿಳಿಸುವುದು. ಎತ್ತು ನಿಂತರೆ ಗಾಡಿಯೂ ನಿಲ್ಲುವುದು. ಮೋಟಾರು ಗಾಡಿಯ ಮಾತೇ ಬೇರೆ. ಅದಕ್ಕೆ ಎರಡು ಅಚ್ಚುಗಳು. ಅವುಗಳ ನಡುವಿನ ಅಂತರವು ಗಾಡಿಯ ತಿರುವು, ತಡೆ, ನಿಲುವು ಇವೆಲ್ಲವನ್ನೂ ನಿರ್ಣಯಿಸುತ್ತದೆ. ಆ ಅಂತರವನ್ನು ಹಿಡಿದಿಟ್ಟಿರುವ ಉಕ್ಕಿನ ಚೌಕಟ್ಟೇ ಚಾಸಿ, ಗಾಡಿಯ ಬೆನ್ನೆಲುಬು.

ಉದ್ದ ಗಾಡಿಯನ್ನು ಗಿಡ್ಡ ಮಾಡುವ ಹವ್ಯಾಸವು ಅಮೆರಿಕದಲ್ಲಿ ಬೆಳೆದುದು. ಅಲ್ಲಿ ೧೯೬೭ರಿಂದ ೧೯೭೨ರವರೆಗೆ ತಯಾರಾದ ಶೆವ್ರೊಲೆ ಸಿ-೧೦ ಎಂಬ ಪಿಕಪ್ಪನ್ನು ನೋಡಿದರೆ ಸಂಗತಿಯು ಸ್ಪಷ್ಟವಾಗುತ್ತದೆ. ಅದರ ಉದ್ದ ಮಾದರಿಯ ಸಾಮಾನು ತೊಟ್ಟಿಯು ಸುಮಾರು ೮ ಅಡಿ, ಅಚ್ಚುಗಳ ಅಂತರ ೧೨೭ ಅಂಗುಲ. ಗಿಡ್ಡ ಮಾದರಿಯಲ್ಲಿ ತೊಟ್ಟಿಯು ಸುಮಾರು ೬|| ಅಡಿ, ಅಂತರ ೧೧೫ ಅಂಗುಲ. ಹೊಲಮನೆಯವರು ಕೆಲಸಕ್ಕಾಗಿ ಉದ್ದದ್ದನ್ನೇ ಕೊಂಡರು. ಮುಂದೆ ಶೋಕಿಯವರು ಗಿಡ್ಡದ್ದನ್ನೇ ಬಯಸಿದರು. ಆದುದರಿಂದ ಸುಲಭ ಬೆಲೆಗೆ ದೊರೆಯುವ ಉದ್ದ ಗಾಡಿಯನ್ನು ತಂದು ಕತ್ತರಿಸಿ ಬೆಸೆಯುವ ರೂಢಿಯು ಅಲ್ಲಿ ಹುಟ್ಟಿತು. ನಮ್ಮ ನಾಡಿಗೂ ಶೆವ್ರೊಲೆಯ ಹೆಸರು ಹೊಸದಲ್ಲ. ಜನರಲ್ ಮೋಟಾರ್ಸ್ ಸಂಸ್ಥೆಯು ೧೯೨೮ರಲ್ಲಿಯೇ ಮುಂಬಯಿಯ ಶಿವಡಿಯಲ್ಲಿ ಗಾಡಿಗಳನ್ನು ಜೋಡಿಸತೊಡಗಿತ್ತು. ಆದರೂ ನಮ್ಮ ಕಡೆಯ ಹಳೆಯ ಗಾಡಿಯೆಂದರೆ ಬಹುಮಟ್ಟಿಗೆ ಮಹೀಂದ್ರರ ಜೀಪು ಮತ್ತು ಅದರ ಬಳಗದ್ದು.

ಕತ್ತರಿಸುವ ಕ್ರಮವು ಕೇಳಲು ಸರಳವೇ. ತೊಟ್ಟಿಯನ್ನು ಕಳಚಿ ಇಳಿಸುವರು. ಪೆಟ್ರೋಲಿನ ಟಾಕಿ, ಬ್ರೇಕಿನ ನಳಿಗೆ, ವಿದ್ಯುತ್ತಿನ ತಂತಿ ಇವನ್ನೆಲ್ಲ ತೆಗೆದು ದೂರವಿಡುವರು. ಚಾಸಿಯನ್ನು ಸಮತಲದಲ್ಲಿ ಆಧಾರಕೊಟ್ಟು ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಅಳೆದು, ಎರಡು ಅಚ್ಚುಗಳ ನಡುವೆ ೧೨ ಅಂಗುಲವನ್ನೂ ಹಿಂದಿನ ಅಚ್ಚಿನ ಆಚೆ ಉಳಿದುದನ್ನೂ ಕೊಯ್ದು ತೆಗೆಯುವರು. ಬಲ್ಲವರು ನೆಟ್ಟಗೆ ಕೊಯ್ಯುವುದಿಲ್ಲ. ಮೆಟ್ಟಿಲಿನಾಕಾರದಲ್ಲಿ ಕೊಯ್ದು, ಬೆಸೆದ ಮೇಲೆ ಒಳಗಡೆ ಉಕ್ಕಿನ ಪಟ್ಟಿಯನ್ನು ಕೂಡಿಸುವರು. ಏಕೆಂದರೆ ನೆಟ್ಟಗಿನ ಬೆಸುಗೆಯ ಮೇಲೆ ಇಡೀ ಬಾಗುವ ಬಲವು ಒಂದೇ ಗೆರೆಯಲ್ಲಿ ಬೀಳುತ್ತದೆ. ತರುವಾಯ ಎಂಜಿನಿನಿಂದ ಹಿಂದಿನ ಅಚ್ಚಿಗೆ ಬಲವನ್ನು ಒಯ್ಯುವ ಶಾಫ್ಟನ್ನು ಗಿಡ್ಡ ಮಾಡಿ ತೂಕ ಸರಿಪಡಿಸಬೇಕು. ಬ್ರೇಕಿನ ನಳಿಗೆ, ಕೈಬ್ರೇಕಿನ ತಂತಿಗಳನ್ನು ಹೊಸ ಅಳತೆಗೆ ತರಬೇಕು. ಕೊನೆಗೆ ತೊಟ್ಟಿಯ ಸರದಿ. ಚಕ್ರದ ಕಮಾನು ನಡುವೆ ಬರುವುದರಿಂದ ಪಕ್ಕದ ತಗಡುಗಳನ್ನು ಕಮಾನಿನ ಮುಂದೆಯೂ ಹಿಂದೆಯೂ ಕೊಯ್ದು ಕೂಡಿಸಬೇಕಾಗುತ್ತದೆ.

ಇದರಲ್ಲಿ ಎಲ್ಲಿಯಾದರೂ ಕಾಲಂಗುಲ ತಪ್ಪಿದರೆ ಗಾಡಿಯು ಏಡಿಯಂತೆ ಓರೆಯಾಗಿ ನಡೆಯುತ್ತದೆ. ಬೆಸುಗೆಯು ಮೇಲುಮೇಲೆ ಹಿಡಿದಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಬಣ್ಣವು ಎಲ್ಲವನ್ನೂ ಮುಚ್ಚುತ್ತದೆ. ಅದು ಬಾಯಿಬಿಡುವುದು ಮನೆಯಂಗಳದಲ್ಲಲ್ಲ, ತುಂಬು ಭಾರದಲ್ಲಿ ಹೊಂಡಕ್ಕೆ ಚಕ್ರ ಇಳಿದಾಗ. ಬೆಸುಗೆಯು ಗಟ್ಟಿಯಾಗಿಯೇ ಇದೆಯೆಂದಿಟ್ಟುಕೊಂಡರೂ ಇನ್ನೊಂದು ಸಂಗತಿ ಉಳಿಯುತ್ತದೆ. ಬ್ರೇಕು ಹಾಕಿದಾಗ ಗಾಡಿಯ ಭಾರವು ಮುಂದಿನ ಚಕ್ರಗಳ ಮೇಲೆ ವಾಲುತ್ತದೆ. ಅಚ್ಚುಗಳ ಅಂತರವು ೧೨೭ರಿಂದ ೧೧೫ ಅಂಗುಲಕ್ಕೆ ಇಳಿದರೆ, ಭಾರ, ಎತ್ತರ, ತಡೆ ಇವೆಲ್ಲ ಮೊದಲಿನಂತೆಯೇ ಇದ್ದರೂ, ಹೀಗೆ ವಾಲುವ ಭಾರವು ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚುತ್ತದೆ. ಹಗುರಾದ ಹಿಂದಿನ ಚಕ್ರಗಳು ಬೇಗನೆ ಬಿಗಿದುಕೊಂಡು ಜಾರುತ್ತವೆ. ಜೋಯಿಡಾದಿಂದ ಅಣಶಿ ಘಟ್ಟವನ್ನಿಳಿದು ಕದ್ರಾದ ಮೇಲೆ ಕಾರವಾರಕ್ಕೆ ಹೋಗುವ ದಾರಿಯಲ್ಲಿ ಮಳೆಗಾಲದ ಒಂದು ತಿರುವನ್ನು ನೆನೆದುಕೊಂಡರೆ ಈ ಹತ್ತರಲ್ಲೊಂದು ಪಾಲಿನ ಬೆಲೆಯೇನೆಂಬುದು ತಿಳಿಯುತ್ತದೆ. ಗಾಡಿಯಲ್ಲಿ ಕುಳಿತವರು ನಮ್ಮ ಮನೆಯವರೇ ಅಲ್ಲವೇ?

ಇನ್ನು ಲಾಭವೆಷ್ಟೆಂಬುದನ್ನೂ ಲೆಕ್ಕ ಹಾಕೋಣ. ಅಂಗಳದ ಬಾಗಿಲಲ್ಲಿ ಉದ್ದ ಗಾಡಿಯು ತೊಂದರೆ ಕೊಡುವುದು ಏಕೆಂದರೆ, ತಿರುವಿನಲ್ಲಿ ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲಿ ನಡೆಯದೆ ಒಳಗಡೆಗೆ ಸರಿಯುತ್ತವೆ; ಆಗ ಕಂಬಕ್ಕೆ ತೊಟ್ಟಿಯ ಮಗ್ಗುಲು ತಗಲುತ್ತದೆ. ಮುಂದಿನ ಅಚ್ಚು ೨೨ ಅಡಿಯ ತ್ರಿಜ್ಯದ ವರ್ತುಲದಲ್ಲಿ ತಿರುಗಿತೆನ್ನಿರಿ. ೧೨೭ ಅಂಗುಲದ ಗಾಡಿಯಲ್ಲಿ ಹಿಂದಿನ ಅಚ್ಚು ಸುಮಾರು ೨ ಅಡಿ ೮|| ಅಂಗುಲ ಒಳಗೆ ಸರಿಯುವುದು. ೧೧೫ ಅಂಗುಲದ್ದರಲ್ಲಿ ಸುಮಾರು ೨ ಅಡಿ ೨ ಅಂಗುಲಕ್ಕಿಂತ ತುಸು ಹೆಚ್ಚು. ಒಂದು ಅಡಿ ಉಕ್ಕನ್ನು ಕೊಯ್ದು ನಾವು ಗಳಿಸಿದುದು ಹೆಚ್ಚುಕಡಿಮೆ ಅರ್ಧ ಅಡಿ! ಈ ಅರ್ಧ ಅಡಿಗಾಗಿ ಚಾಸಿಯನ್ನು ಕೊಯ್ಯಬೇಕಾಗಿಲ್ಲ; ಬಾಗಿಲ ಕಂಬವನ್ನು ಕಿತ್ತು ಅಷ್ಟು ದೂರ ಸರಿಸಿ ನೆಟ್ಟರೆ ಸಾಕು. ಚಕ್ರವನ್ನು ಪೂರ್ತಿ ಮುರಿದಾಗ ಗಿಡ್ಡ ಗಾಡಿಯು ಇನ್ನೂ ಚಿಕ್ಕ ವರ್ತುಲದಲ್ಲಿ ತಿರುಗುವುದು ನಿಜ. ಅದಕ್ಕೆ ಪ್ರತಿಯಾಗಿ ಉದ್ದ ಗಾಡಿಯವನು ಒಮ್ಮೆ ಹಿಂದೆ ತೆಗೆದುಕೊಳ್ಳಬೇಕಾದೀತು, ಅಷ್ಟೇ.

ಗಿಡ್ಡ ಗಾಡಿಯಲ್ಲಿ ಹೆಚ್ಚು ಸಾಮಾನು ಬೇಕಾದರೆ ಅದನ್ನು ಗಾಡಿ ಹುಟ್ಟುವ ಮುನ್ನವೇ ಯೋಚಿಸಬೇಕು. ೧೯೫೦ರ ದಶಕದ ಉತ್ತರಾರ್ಧದಲ್ಲಿ ಬಂದ ಜೀಪ್ ಎಫ್‌ಸಿ-೧೫೦ ಇದಕ್ಕೆ ನಿದರ್ಶನ. ಇದನ್ನು ಮುಂದೆ ಮಹೀಂದ್ರರೂ ನಮ್ಮ ದೇಶದಲ್ಲಿ ತಯಾರಿಸಿದರು. ಅದರಲ್ಲಿ ಚಾಲಕನ ಪೀಠವನ್ನು ಎಂಜಿನಿನ ಮೇಲಕ್ಕೇರಿಸಿದ್ದರಿಂದ, ಅಚ್ಚುಗಳ ಅಂತರ ಕೇವಲ ೮೧ ಅಂಗುಲವಿದ್ದರೂ ತೊಟ್ಟಿಯು ಆರಡಿಗಿಂತ ಉದ್ದವಾಗಿತ್ತು. ತೊಟ್ಟಿ, ತಡೆ, ಭಾರ, ತಿರುವು ಎಲ್ಲವನ್ನೂ ಕೂಡಿಯೇ ಲೆಕ್ಕ ಹಾಕಿ ಮಾಡಿದ ಕೆಲಸವದು. ಸಿದ್ಧವಾದ ಗಾಡಿಯ ಒಂದೇ ಅಂಗವನ್ನು ಕೊಯ್ದು ಆ ಫಲವನ್ನು ಪಡೆಯಲಾಗದು.

ಕಾಯಿದೆಯ ಮಾತನ್ನೂ ಮರೆಯುವಂತಿಲ್ಲ. ಅಮೆರಿಕದ ಹವ್ಯಾಸಿಯು ಮಾಡಿದುದನ್ನೆಲ್ಲ ನಾವು ಇಲ್ಲಿ ಮಾಡುವಂತಿಲ್ಲ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಕಲಮು, ನೋಂದಣಿ ಪತ್ರದಲ್ಲಿಯ ವಿವರಗಳು ತಯಾರಕರು ಗೊತ್ತುಪಡಿಸಿದವುಗಳಿಗೆ ವಿರುದ್ಧವಾಗುವಂತೆ ಒಡೆಯನು ಗಾಡಿಯನ್ನು ಮಾರ್ಪಡಿಸಲಾಗದೆಂದು ವಿಧಿಸುತ್ತದೆ. ಅಚ್ಚುಗಳ ಅಂತರವೂ ಆ ಪತ್ರದಲ್ಲಿ ಬರೆದಿರುವ ವಿವರಗಳಲ್ಲೊಂದು. ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿ ೯ರಂದು ಇದೇ ಅರ್ಥವನ್ನು ಎತ್ತಿಹಿಡಿಯಿತು. ಅದೇ ವರುಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ ೧೮೨ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಕಾರಾಗೃಹ, ಇಲ್ಲವೆ ಒಂದೊಂದು ಮಾರ್ಪಾಟಿಗೂ ೫,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಅಪಘಾತವಾದಲ್ಲಿ ವಿಮೆಯ ಹಣಕ್ಕೂ ತಕರಾರು ಬರಬಹುದು. ಸವೆದ ಎಂಜಿನಿಗೆ ಬದಲಾಗಿ ಅದೇ ಜಾತಿಯ ಎಂಜಿನನ್ನು ಕೂಡಿಸುವಂತಹ ಕೆಲಸಕ್ಕೆ ಅನುಮತಿ ದೊರೆಯುವ ಹಾದಿಯಿದೆ. ಬೆನ್ನೆಲುಬನ್ನು ಕೊಯ್ಯುವುದಕ್ಕೆ ಇಲ್ಲ. ಸಂದೇಹವಿದ್ದವರು ಕೆಲಸಕ್ಕೆ ಮುನ್ನ ದಾಂಡೇಲಿಯ ಸಾರಿಗೆ ಕಛೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಹಾಗೆಯೇ ಉಳಿಸಿಕೊಂಡವನಿಗೆ ಒಂದು ಫಲವೂ ಉಂಟು. ೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ಐವತ್ತು ವರುಷ ಮೀರಿದ ಪುರಾತನ ವಾಹನಗಳಿಗಾಗಿ ಬೇರೆಯೇ ನೋಂದಣಿಯ ನಿಯಮಗಳನ್ನು ಮಾಡಿತು. ಫಲಕದ ಮೇಲೆ 'ವಿಎ' ಎಂಬ ಅಕ್ಷರಗಳು ಬರುವ ಈ ನೋಂದಣಿಯು ಹತ್ತು ವರುಷಗಳದು. ಅಂತಹ ಗಾಡಿಯನ್ನು ಪ್ರದರ್ಶನ, ಮೆರವಣಿಗೆ ಮೊದಲಾದವಕ್ಕೆ ಬಳಸಬಹುದಲ್ಲದೆ ನಿತ್ಯದ ದುಡಿಮೆಗೆ ಬಳಸುವಂತಿಲ್ಲ. ಮುಖ್ಯವಾದ ನಿಬಂಧನೆಯೆಂದರೆ ಗಾಡಿಯು ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಮೈ, ಎಂಜಿನುಗಳಲ್ಲಿ ಹೇಳತಕ್ಕ ಮಾರ್ಪಾಟು ಆಗಿರಬಾರದು. ಇಂದು ಒಂದು ಅಡಿ ಕೊಯ್ದವನು ಆ ಗೌರವವನ್ನೂ ಕೊಯ್ದುಕೊಂಡಂತೆಯೇ.

ಹಾಗಾದರೆ ಮನೆಯಲ್ಲಿ ಕೈಯಾಡಿಸಲು ಕೆಲಸವೇ ಇಲ್ಲವೇ? ಬೇಕಾದಷ್ಟಿದೆ. ಹಳೆಯ ಪಿಕಪ್ಪುಗಳಲ್ಲಿ ಅನೇಕಕ್ಕೆ ತೊಟ್ಟಿಯ ತಳವು ಮರದ ಹಲಗೆಗಳದು. ನಡುನಡುವೆ ಉಕ್ಕಿನ ಪಟ್ಟಿ. ಜೋಯಿಡಾದ ಕಡೆಯ ಮಳೆಗೆ ಮೊದಲು ಕೆಡುವುದು ಆ ಹಲಗೆಯೇ. ಕೊಳೆತ ಹಲಗೆಗಳನ್ನು ಬಿಚ್ಚಿ, ಅವುಗಳ ಅಳತೆಯಲ್ಲಿಯೇ ಹೊಸವನ್ನು ಮಾಡಿಸಬಹುದು. ಮರವನ್ನು ದಾಂಡೇಲಿಯ ಸರಕಾರಿ ಮರಮುಟ್ಟಿನ ಡಿಪೋದಿಂದ, ಇಲ್ಲವೆ ರಸೀತಿ ಕೊಡುವ ವ್ಯಾಪಾರಿಯಿಂದ ಕೊಂಡು ರಸೀತಿಯನ್ನು ಜೋಪಾನವಾಗಿಡಬೇಕು. ಕೊಯ್ದ ತುದಿಗಳಿಗೆ ಎರಡು ಮೂರು ಸಲ ಎಣ್ಣೆ ಕುಡಿಸಬೇಕು. ಹಲಗೆಗಳ ನಡುವೆ ನೀರು ಇಳಿಯುವಷ್ಟು ಸಂದು ಬಿಡಬೇಕು. ಹಲಗೆ ಎತ್ತಿದಾಗಲೇ ಕೆಳಗಿನ ಚಾಸಿಯ ಮಣ್ಣನ್ನು ತೊಳೆದು, ತುಕ್ಕನ್ನು ಕೆರೆದು, ಬಣ್ಣ ಹಚ್ಚಬೇಕು. ಆ ಸಂಧಿ ಮತ್ತೆ ಕೈಗೆ ಸಿಗುವುದಿಲ್ಲ.

ಹಳೆಯ ಗಾಡಿಯನ್ನು ಕೊಳ್ಳಹೊರಟವರಿಗೂ ಒಂದು ಮಾತು. ಅಡಿಯಲ್ಲಿ ಬಗ್ಗಿ ದೀಪ ಹಿಡಿದು ಚಾಸಿಯ ಎರಡು ಮಗ್ಗುಲನ್ನೂ ಕೈಯಿಂದ ಸವರಿ ನೋಡಿರಿ. ಬೆಸುಗೆಯ ಉಬ್ಬು, ಆಮೇಲೆ ಕೂಡಿಸಿದ ಪಟ್ಟಿ ಸಿಕ್ಕರೆ ಕಾರಣ ಕೇಳಿರಿ. ಅಚ್ಚುಗಳ ಅಂತರವನ್ನು ಎಡಕ್ಕೂ ಬಲಕ್ಕೂ ಅಳೆದು ನೋಂದಣಿ ಪತ್ರಕ್ಕೆ ತಾಳೆ ಹಾಕಿರಿ. ಲೆಕ್ಕ ತಪ್ಪಿದರೆ ಬೆಲೆ ಎಷ್ಟೇ ಅಗ್ಗವಾಗಿದ್ದರೂ ಕೈ ಮುಗಿದು ಬನ್ನಿರಿ.

ಗಾಡಿ ಉದ್ದವಾಯಿತೆಂದು ತೋರಿದ ದಿನ ಗರಗಸವನ್ನು ಕೈಗೆತ್ತಿಕೊಳ್ಳುವ ಮುನ್ನ ಅಳತೆಯ ಟೇಪನ್ನು ಹಿಡಿದು ಅಂಗಳಕ್ಕೆ ಇಳಿಯಿರಿ. ಹತ್ತರಲ್ಲಿ ಒಂಬತ್ತು ಸಲ ಸರಿಯಬೇಕಾದುದು ಬೇಲಿಯ ಕಂಬವೆಂದೇ ನಮಗೆ ತೋರುತ್ತದೆ. ಹಾಸಿಗೆಯನ್ನು ತುಸು ಹಿಗ್ಗಿಸಬಹುದಾಗಿರುವಾಗ ಕಾಲಿಗೇಕೆ ಕತ್ತಿ?