ತೆಂಗಿನ ಗರಿ ಬೆಳ್ಳಗಾದರೆ ಫೋಟೋ ಕೆಟ್ಟಿದೆಯೇ?

ನಮ್ಮ ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ವಿದ್ಯಾರ್ಥಿಗಳು ತೆಗೆದ ಫೋಟೋಗಳಿಗೆಂದೇ ಒಂದು ಮೂಲೆ ಇದೆ. ಪ್ರತಿ ಫೋಟೋದ ಕೆಳಗೆ ಅಭಿಪ್ರಾಯದ ಚೀಟಿ ಅಂಟಿಸಲು ಜಾಗ ಬಿಟ್ಟಿರುತ್ತಾರೆ. ವರ್ಷವಿಡೀ ಆ ಚೀಟಿಗಳನ್ನು ಓದಿದ ನನಗೆ ಕಂಡದ್ದು ಎರಡೇ ಜಾತಿ: ‘ಸೂಪರ್’ ಮತ್ತು ‘ಇದೆಂತ ಮಾರಾಯ?’ ಮೊದಲನೆಯದನ್ನು ಓದಿದವನಿಗೆ ಒಂದು ದಿನದ ಖುಷಿ. ಎರಡನೆಯದನ್ನು ಓದಿದವನು ಮುಂದಿನ ತಿಂಗಳು ಫೋಟೋ ಕೊಡುವುದಿಲ್ಲ. ಅವನ ಮುಂದಿನ ಚಿತ್ರ ಚೆನ್ನಾಗಿ ಬರಲು ಎರಡೂ ಸಹಾಯ ಮಾಡುವುದಿಲ್ಲ.

ಕಳೆದ ಸಲ ಪ್ರಥಮ ಪಿಯುಸಿಯ ಹುಡುಗನೊಬ್ಬ ಮರವಂತೆಯ ಇನ್‌ಫ್ರಾರೆಡ್ ಚಿತ್ರ ಕೊಟ್ಟಿದ್ದ. ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಕಣ್ಣು ಮುಚ್ಚಿದರೂ ನಮಗೆ ಕಾಣುವ ಜಾಗ. ಅವನ ಚಿತ್ರದಲ್ಲಿ ಮಾತ್ರ ನದಿಯಾಚೆಯ ತೆಂಗಿನ ತೋಟ ಹಾಲಿನ ಹಾಗೆ ಬೆಳ್ಳಗೆ, ನದಿ ಶಾಯಿಯ ಹಾಗೆ ಕಪ್ಪಗೆ ಇತ್ತು. ಕೆಳಗೆ ಐದಾರು ಚೀಟಿಗಳು ಬಂದವು. ‘ಮರವಂತೆಯಲ್ಲಿ ಹಿಮ ಬಿದ್ದದ್ದು ಯಾವಾಗ?’ ‘ಎಡಿಟಿಂಗ್ ಜಾಸ್ತಿ ಆಯಿತು.’ ಮರುದಿನ ಅವನೇ ಬಂದು ಚಿತ್ರವನ್ನು ಕಿತ್ತುಕೊಂಡು ಹೋದ. ಚೀಟಿ ಬರೆದವರು ತಮಾಷೆಗೆ ಬರೆದದ್ದು, ದ್ವೇಷದಿಂದಲ್ಲ. ಆದರೆ ಅವರು ತಪ್ಪೆಂದು ತೋರಿಸಿದ್ದು ತಪ್ಪೇ ಆಗಿರಲಿಲ್ಲ. ತಿದ್ದಬೇಕಾದ ಎರಡು ಸಂಗತಿಗಳು ಆ ಚಿತ್ರದಲ್ಲಿ ನಿಜಕ್ಕೂ ಇದ್ದವು. ಅವನ್ನು ಯಾರೂ ಬರೆಯಲಿಲ್ಲ.

ಆ ಬಿಳುಪು ಎಲ್ಲಿಂದ ಬಂತು ಎಂದು ಮೊದಲು ನೋಡೋಣ. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಪ್ರಿಸಂನಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಕೆಂಪು ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟರು. ಅಲ್ಲೂ ಬಿಸಿ ಏರಿತು. ಆ ಕಾಣದ ಕಿರಣವೇ ಇನ್‌ಫ್ರಾರೆಡ್, ನಮ್ಮ ಪಠ್ಯದ ಅವಕೆಂಪು. ನಮ್ಮ ಕಣ್ಣು ಸುಮಾರು 700 ನ್ಯಾನೋಮೀಟರ್‌ವರೆಗೆ ನೋಡುತ್ತದೆ. ಕ್ಯಾಮೆರಾದ ಸೆನ್ಸರ್ ಅದರಾಚೆಯೂ ನೋಡಬಲ್ಲದು. ಬಣ್ಣ ಕೆಡಬಾರದೆಂದು ಕಂಪನಿಯವರು ಸೆನ್ಸರ್ ಮುಂದೆ ಅವಕೆಂಪನ್ನು ತಡೆಯುವ ಗಾಜು ಇಟ್ಟಿರುತ್ತಾರೆ. ಆ ಗಾಜನ್ನು ತೆಗೆಸಿ 720 ನ್ಯಾನೋಮೀಟರ್ ಫಿಲ್ಟರ್ ಹಾಕಿಸಿದರೆ ಕ್ಯಾಮೆರಾ ಹೆಚ್ಚುಕಡಿಮೆ ಅವಕೆಂಪನ್ನೇ ನೋಡುತ್ತದೆ. ದುಬೈಯಿಂದ ಬಂದ ಅಣ್ಣನ ಹಳೆಯ ಕ್ಯಾಮೆರಾವನ್ನು ಈ ಹುಡುಗ ಹಾಗೆ ಮಾಡಿಸಿಕೊಂಡಿದ್ದ.

ಹಸಿರೆಲೆಯ ಒಳಗಿನ ಜೀವಕೋಶಗಳ ರಚನೆ ಈ ಕಿರಣವನ್ನು ಹೀರದೆ, ಬಹುಪಾಲನ್ನು ಹಿಂದಕ್ಕೆ ಚದುರಿಸುತ್ತದೆ. ಹಾಗಾಗಿ ಗರಿ ಬೆಳ್ಳಗೆ. ನೀರು ಅದನ್ನು ಹೀರುತ್ತದೆ, ಹಾಗಾಗಿ ನದಿ ಕಪ್ಪಗೆ. ಶುಭ್ರ ಆಕಾಶದ ಗಾಳಿ ನೀಲಿಯನ್ನು ಚದುರಿಸುವಷ್ಟು ಇದನ್ನು ಚದುರಿಸದು, ಹಾಗಾಗಿ ಬಾನೂ ಕಪ್ಪು, ಮೋಡ ಮಾತ್ರ ಬಿಳಿ. 1910ರಲ್ಲೇ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಇಂತಹ ಚಿತ್ರಗಳನ್ನು ಪ್ರಕಟಿಸಿದ್ದರು. ಎಲೆ ಹಿಮದಂತೆ ಕಾಣುವುದನ್ನು ಇಂದಿಗೂ ‘ವುಡ್ ಪರಿಣಾಮ’ ಎನ್ನುತ್ತಾರೆ. ಇನ್ನೂ ಹತ್ತಿರದ ಉದಾಹರಣೆ ಬೇಕೇ? ನಮ್ಮ ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಉಪಗ್ರಹ ಹಾರಿತು. ಅದರ ಕ್ಯಾಮೆರಾಗಳ ನಾಲ್ಕು ಪಟ್ಟಿಗಳಲ್ಲಿ ಒಂದು ಇದೇ ಅವಕೆಂಪಿನದು. ಬೆಳೆ ಎಲ್ಲಿ ಸೊಂಪಾಗಿದೆ, ಎಲ್ಲಿ ಒಣಗಿದೆ ಎಂದು ಅಂತರಿಕ್ಷದಿಂದ ತಿಳಿಯಲು ಆ ಪಟ್ಟಿ ಬೇಕು. ‘ಎಡಿಟಿಂಗ್ ಜಾಸ್ತಿ’ ಎಂದು ನಾವು ಬರೆದದ್ದು ಆ ಗುಣಕ್ಕೇ.

ಇನ್ನು ಯಾರೂ ಬರೆಯದ ಎರಡು ಸಂಗತಿ. ಚಿತ್ರದ ನಟ್ಟನಡುವೆ, ನದಿಯ ಮೇಲೆ, ಒಂದು ಮಸುಕು ಬೆಳಕಿನ ವೃತ್ತವಿತ್ತು. ಕೆಲವು ಲೆನ್ಸ್‌ಗಳು ಅವಕೆಂಪಿನಲ್ಲಿ ಹೀಗೆ ಮಾಡುತ್ತವೆ. ಇದಕ್ಕೆ ಹಾಟ್‌ಸ್ಪಾಟ್ ಎಂದು ಹೆಸರು. ಅಪರ್ಚರ್ ಕಿರಿದಾದಷ್ಟೂ ಅದು ಎದ್ದು ಕಾಣುತ್ತದೆ. ಎಫ್/16ರ ಬದಲು ಎಫ್/8ರಲ್ಲಿ ತೆಗೆದು ನೋಡು, ಹೋಗದಿದ್ದರೆ ಬೇರೆ ಲೆನ್ಸ್ ಹಾಕು ಎಂದು ಒಂದು ಸಾಲು ಬರೆದಿದ್ದರೆ ಅವನಿಗೆ ಅದೊಂದು ಪಾಠವಾಗುತ್ತಿತ್ತು. ಎರಡನೆಯದು, ಸಮುದ್ರದ ಅಂಚು ಬಲಕ್ಕೆ ವಾಲಿತ್ತು, ನೀರು ಚೆಲ್ಲಿಹೋಗುವ ಹಾಗೆ. ಇದನ್ನು ಮೊಬೈಲಿನಲ್ಲೇ ಅರ್ಧ ನಿಮಿಷದಲ್ಲಿ ಸರಿಪಡಿಸಬಹುದು.

ಹಾಗಾಗಿ ನಾನು ಚೀಟಿ ಬರೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ನಿನಗೆ ಇಲ್ಲಿ ಏನು ತೋರಿಸಬೇಕಿತ್ತು? ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಬಾರ್ಕೂರಿನ ಕತ್ತಲೆ ಬಸದಿಯ ಚಿತ್ರ ತಂದವಳು ‘ಕಲ್ಲಿನ ತೂಕ ಕಾಣಬೇಕಿತ್ತು’ ಎಂದಳು. ಆದರೆ ಚಿತ್ರದಲ್ಲಿ ಕಣ್ಣು ಮೊದಲು ಹೋಗುತ್ತಿದ್ದುದು ಮುಂದಿನ ಬಿಳಿ ಹುಲ್ಲಿಗೆ. ಬಸದಿ ಹಿಂದೆ ಸಣ್ಣದಾಗಿ ನಿಂತಿತ್ತು. ‘ಹುಲ್ಲು ಚಿತ್ರದ ಅರ್ಧ ಭಾಗ ತಿಂದಿದೆ. ಇನ್ನೂ ಹತ್ತು ಹೆಜ್ಜೆ ಮುಂದೆ ಹೋಗಿ ತೆಗೆದರೆ?’ ಎಂದು ಬರೆದೆ. ನಾನು ಹೇಳಿದ್ದು ನನ್ನ ಇಷ್ಟವನ್ನಲ್ಲ, ಅವಳ ಉದ್ದೇಶಕ್ಕೆ ಅಡ್ಡ ಬಂದದ್ದನ್ನು.

ಹೊಗಳಿಕೆಗೂ ಇದೇ ಮಾತು ಸಲ್ಲುತ್ತದೆ. ಒತ್ತಿನೆಣೆಯಿಂದ ತೆಗೆದ ಸಂಜೆಯ ಚಿತ್ರಕ್ಕೆ ‘ಸೂಪರ್’ ಎನ್ನುವ ಬದಲು ‘ಬಂಡೆಯ ನೆರಳು ಕಣ್ಣನ್ನು ನೇರ ಕಡಲಿಗೆ ಕರೆದೊಯ್ಯುತ್ತದೆ’ ಎಂದರೆ, ತಾನು ಏನನ್ನು ಉಳಿಸಿಕೊಳ್ಳಬೇಕು ಎಂದು ತೆಗೆದವನಿಗೆ ತಿಳಿಯುತ್ತದೆ. ಕೋಡಿಯ ಸೂರ್ಯಾಸ್ತಕ್ಕೆ ಕಿತ್ತಳೆ ಬಣ್ಣ ಸುರಿದವನಿಗೂ ‘ಫೇಕ್’ ಎನ್ನಬೇಕಾಗಿಲ್ಲ. ‘ಮರಳು ಸಹ ಕಿತ್ತಳೆಯಾಗಿದೆ, ಅದು ಆ ಹೊತ್ತಿಗೆ ಹಾಗಿತ್ತೇ?’ ಎಂದು ಕೇಳಿದರೆ ಸಾಕು, ಅವನೇ ನೋಡಿಕೊಳ್ಳುತ್ತಾನೆ. ಕ್ಯಾಮೆರಾದ ಬೆಲೆಯ ಬಗ್ಗೆ ಮಾತು ಬೇಡ. ಇಲ್ಲದ ಲೆನ್ಸನ್ನು ಯಾರೂ ಚೀಟಿ ಓದಿ ಕೊಳ್ಳಲಾರರು.

ನಮ್ಮ ಉಪನ್ಯಾಸಕರಲ್ಲೂ ಒಂದು ವಿನಂತಿ. ಸರ್ ಅಥವಾ ಮೇಡಂ ಬಂದು ‘ಗುಡ್’ ಎಂದು ಸಹಿ ಹಾಕಿದರೆ, ಅದರ ಕೆಳಗೆ ಬೇರೆ ಮಾತು ಬರೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ದಯವಿಟ್ಟು ಕೊನೆಯಲ್ಲಿ ಬರೆಯಿರಿ.

ಫೋಟೋ ಕೊಡುವವರ ಕೆಲಸವೂ ಸ್ವಲ್ಪ ಇದೆ. ಏನೂ ತಿಳಿಸದೆ ಇನ್‌ಫ್ರಾರೆಡ್ ಚಿತ್ರ ಅಂಟಿಸಿದರೆ ನೋಡುವವರು ಹಿಮವೆಂದೇ ಓದುತ್ತಾರೆ. ಮಳೆಗಾಲದ ಕೆಸರು ನೀರು ಅಷ್ಟು ಕಪ್ಪಾಗುವುದಿಲ್ಲ, ಬೇಸಿಗೆಯ ಮಬ್ಬಿನಲ್ಲಿ ಬಾನು ಬೂದಾಗಿಯೇ ಉಳಿಯುತ್ತದೆ. ಹಾಗಾಗಿ ತಿಂಗಳು ಮತ್ತು ಹೊತ್ತನ್ನೂ ಬರೆಯಬೇಕು. ಫಿಲ್ಟರನ್ನು ಲೆನ್ಸಿನ ಮುಂದೆ ಹಾಕಿ ತೆಗೆದವರು ಎಷ್ಟು ಸೆಕೆಂಡ್ ಎಂಬುದನ್ನೂ ತಿಳಿಸಬೇಕು. ಆಗ ಗರಿಗಳು ಮಸುಕಾದದ್ದು ಕೈ ನಡುಗಿಯೋ, ಕಡಲ ಗಾಳಿಗೋ ಎಂದು ನಾವು ಊಹಿಸಬೇಕಾಗಿಲ್ಲ. ಆ ಹುಡುಗ ಈ ಸಲ ಅದೇ ಚಿತ್ರವನ್ನು ಸಮುದ್ರದ ಅಂಚು ನೇರ ಮಾಡಿ ಮತ್ತೆ ಕೊಟ್ಟಿದ್ದಾನೆ. ಕೆಳಗೆ ಅವನ ಕೈಬರಹದಲ್ಲಿ ಹೀಗಿದೆ: ‘ಮರವಂತೆ, ಅಕ್ಟೋಬರ್, ಬೆಳಿಗ್ಗೆ 11 ಗಂಟೆ, 720 ನ್ಯಾನೋಮೀಟರ್. ನಡುವಿನ ವೃತ್ತ ಹೋಗಿಸುವುದು ಹೇಗೆಂದು ಗೊತ್ತಿದ್ದವರು ಬರೆಯಿರಿ.’