ಬಾಡಿಗೆ ಮನೆಯ ದುರ್ಗಂಧ: ಧೂಪಕ್ಕಿಂತ ಮೊದಲು ಮೂಲ ಶೋಧನೆ

ಕಳೆದ ವರ್ಷ ಜೂನ್ ತಿಂಗಳಿನಲ್ಲಿ ಮುದಗಲ್ಲಿಗೆ ವರ್ಗವಾಗಿ ಬಂದ ಶಿಕ್ಷಕಿಯೊಬ್ಬರು ತಮ್ಮ ಆರು ವರ್ಷದ ಮಗನೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ಬಾಲಕನಿಗೆ ರಾತ್ರಿಯೆಲ್ಲ ಕೆಮ್ಮು, ನಸುಕಿನಲ್ಲಿ ಉಬ್ಬಸ. ಸಿತೋಪಲಾದಿ ಚೂರ್ಣವನ್ನು ಜೇನಿನೊಡನೆ ಕೊಟ್ಟೆ, ಪಥ್ಯ ಹೇಳಿದೆ. ಮೂರು ವಾರ ಕಳೆದರೂ ಗುಣ ಕಾಣಲಿಲ್ಲ. ಮುಂದಿನ ಭೇಟಿಯಲ್ಲಿ ಆ ತಾಯಿಯ ಸೀರೆಯಿಂದ ಲೋಬಾನದ ವಾಸನೆ ಬಂದಾಗಲಷ್ಟೇ, ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ನನಗೆ ಹೊಳೆಯಿತು.

"ಮನೆಯಲ್ಲಿ ಧೂಪ ಹಾಕುತ್ತೀರೇನು, ತಾಯಿ?"

"ಎರಡೂ ಹೊತ್ತು ಹಾಕ್ತೀನ್ರಿ ಸರ. ಇಲ್ಲಂದ್ರ ಆ ನಾತಕ್ಕ ಒಳಗ ಕೂಡಾಕ ಆಗೂದಿಲ್ಲ. ಮಾಲಕರಿಗೆ ಹೇಳಿದ್ರ ಮನಿ ಬಿಡ್ರಿ ಅಂತಾರೇನೋ ಅಂತ ಸುಮ್ಮನದೀನಿ."

ಮರುದಿನ ಸಂಜೆ ಆ ಮನೆಗೆ ಹೋಗಿ ನೋಡಿದೆ. ಮೂರು ವಾರ ಔಷಧ ಕೊಟ್ಟ ನಾನು, ರೋಗಿ ಉಸಿರಾಡುವ ಗಾಳಿಯನ್ನು ವಿಚಾರಿಸಿರಲಿಲ್ಲವೆಂಬುದು ನನ್ನದೇ ತಪ್ಪು.

ಅವರು ಬರುವ ಮೊದಲು ಆ ಮನೆ ಬೇಸಿಗೆಯ ಎರಡು ತಿಂಗಳು ಬೀಗ ಹಾಕಿಕೊಂಡಿತ್ತು. ಹಿಂಬದಿಯ ಬಚ್ಚಲನ್ನು ಅವರು ಬಳಸುತ್ತಲೇ ಇರಲಿಲ್ಲ. ಬಚ್ಚಲಿನ ನೀರು ಹೋಗುವ ಜಾಲರಿಯ ಕೆಳಗೆ, ಪ್ಲಂಬರುಗಳು ನಹಾನಿ ಟ್ರ್ಯಾಪ್ ಎಂದು ಕರೆಯುವ ಒಂದು ಬಾಗಿದ ಪಾತ್ರೆಯಿರುತ್ತದೆ. ಅದರಲ್ಲಿ ಸುಮಾರು ಎರಡು ಅಂಗುಲ ನೀರು ಸದಾ ನಿಂತಿರಬೇಕು. ಆ ನೀರೇ ಕೆಳಗಿನ ಕೊಳವೆಯ ಗಾಳಿ ಮನೆಯೊಳಗೆ ಬಾರದಂತೆ ತಡೆಯುವ ಬಾಗಿಲು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ, ಬಳಸದೆ ಬಿಟ್ಟ ಬಚ್ಚಲಿನ ಈ ನೀರು ಕೆಲವೇ ವಾರಗಳಲ್ಲಿ ಆರಿಹೋಗುತ್ತದೆ. ಆಮೇಲೆ ಬರುವುದು ಕೊಳೆತ ಮೊಟ್ಟೆಯಂತಹ ವಾಸನೆ. ನಾನು ಎರಡು ತಂಬಿಗೆ ನೀರು ಹೊಯ್ಯಿಸಿದೆ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹಾಕಿಸಿದೆ. ಎಣ್ಣೆಯ ಪದರವಿದ್ದರೆ ನೀರು ಬೇಗ ಆರುವುದಿಲ್ಲ. ಅರ್ಧ ನಾತ ಆ ರಾತ್ರಿಯೇ ಹೋಯಿತು. ಖರ್ಚು ಒಂದು ಚಮಚ ಎಣ್ಣೆ.

ಉಳಿದರ್ಧ ಅಷ್ಟು ಸುಲಭದ್ದಾಗಿರಲಿಲ್ಲ. ಬಾಲಕ ಮಲಗುವ ಕೋಣೆಯ ಅಲಮಾರಿಯನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಸರಿಸಿ ನೋಡಿದರೆ ಹಿಂದೆ ಕಪ್ಪನೆಯ ಬೂಷ್ಟು, ಹಸಿ ಗೋಣಿಚೀಲದ ವಾಸನೆ. ತೇವ ಎಲ್ಲಿಂದ ಬರುತ್ತದೆಂದು ತಿಳಿಯಲು ಒಂದು ಸರಳ ಪರೀಕ್ಷೆಯುಂಟು. ಅಂಗೈ ಎರಡರಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು, ನಾಲ್ಕೂ ಅಂಚುಗಳಿಗೆ ಅಂಟುಪಟ್ಟಿ ಹಚ್ಚಿ ಎರಡು ದಿನ ಬಿಡಿರಿ. ಹಾಳೆಯ ಹಿಂಬದಿಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯೊಳಗಿನದು: ಚಾವಣಿಯ ಸೋರಿಕೆಯೋ, ಕೊಳವೆಯ ಬಿರುಕೋ ಇರಬೇಕು. ಮುಂಬದಿಯಲ್ಲಿ ಕಟ್ಟಿದರೆ ಅದು ಕೋಣೆಯದೇ ಉಗಿ. ಕಿಟಕಿ ತೆರೆದು, ಒದ್ದೆ ಬಟ್ಟೆಯನ್ನು ಹೊರಗೆ ಒಣಗಿಸಿದರೆ ಹೆಚ್ಚಿನ ಮಟ್ಟಿಗೆ ಸರಿಹೋಗುತ್ತದೆ. ಇಲ್ಲಿ ಹನಿ ಹಿಂಬದಿಯಲ್ಲಿತ್ತು. ಅಂದರೆ ದುರಸ್ತಿ ಮನೆಯೊಡೆಯರ ಪಾಲಿನದು.

ಧೂಪವನ್ನು ನಾನು ಹಳಿಯುತ್ತಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ 19ನೆಯ ಅಧ್ಯಾಯವು ಗಾಯಗೊಂಡವನ ಕೋಣೆಗೆ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನು ದಿನಕ್ಕೆರಡು ಸಲ, ಹತ್ತು ದಿನ ಹಾಕಬೇಕೆನ್ನುತ್ತದೆ. ಆದರೆ ಅದೇ ಅಧ್ಯಾಯ ಆರಂಭವಾಗುವುದು ರೋಗಿಗೆ ಮೊದಲು ಶುಚಿಯಾದ, ಪ್ರಶಸ್ತವಾದ ಮನೆಯನ್ನು ಹುಡುಕಬೇಕೆಂಬ ಮಾತಿನಿಂದ. ಮನೆ ಮೊದಲು, ಧೂಪ ಆಮೇಲೆ. ಅದೂ ಎಣಿಸಿದ ದಿನಗಳಿಗೆ. ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿಯಿತ್ತು, ಹಾಕಿದ ಹೊಗೆ ಮೇಲೇರಿ ಹೋಗುತ್ತಿತ್ತು. ಈಗಿನ ಸ್ಲ್ಯಾಬಿನ ಮನೆಗಳಲ್ಲಿ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿ, ಒಳಗೆ ಕೆಂಡದ ಮೇಲೆ ಲೋಬಾನ, ರಾತ್ರಿ ಸೊಳ್ಳೆಬತ್ತಿ. ಆ ಬಾಲಕನ ಶ್ವಾಸನಾಳಕ್ಕೆ ಬೂಷ್ಟಿನ ಜೊತೆಗೆ ಈ ಹೊಗೆಯೂ ಸೇರುತ್ತಿತ್ತು. ಮುಚ್ಚಿದ ಕೋಣೆಯ ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯೇ ಇಲ್ಲ. ಮಲಗಿದವರು ಏಳದೆಯೇ ಹೋಗಬಹುದು.

ಇನ್ನೊಂದು ಅವಸರದ ಅನಾಹುತವನ್ನು ಗೃಹಿಣಿಯರು ವಿಶೇಷವಾಗಿ ಗಮನಿಸಬೇಕು. ಶೌಚಾಲಯ ತೊಳೆಯುವ ಆ್ಯಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಸುರಿದರೆ ವಾಸನೆ ಬೇಗ ಹೋಗುವುದೆಂದು ಹಲವರು ನಂಬಿದ್ದಾರೆ. ಅವೆರಡೂ ಕೂಡಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ, ಚಿಕ್ಕ ಬಚ್ಚಲಿನಲ್ಲಿ ಅದು ಪ್ರಾಣಾಂತಿಕ. ಒಂದು ದಿನ ಒಂದನ್ನೇ ಬಳಸಿ, ಧಾರಾಳವಾಗಿ ನೀರು ಹೊಯ್ಯಿರಿ. ನುಸಿಗುಳಿಗೆಗಳನ್ನು ಹಸುಗೂಸಿನ ಬಟ್ಟೆಗಳ ನಡುವೆ ಇಡಲೇಬಾರದು. ಕೆಲವು ಕೂಸುಗಳಲ್ಲಿ ಅದರ ಆವಿಯಿಂದ ರಕ್ತಕಣಗಳೇ ಒಡೆಯುತ್ತವೆ. ಅಡುಗೆ ಅನಿಲದ ವಾಸನೆ ಬಂದರಂತೂ ಶೋಧನೆಗೆ ನಿಲ್ಲದೆ, ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಆರಿಸಿ, ಬಾಗಿಲು ತೆರೆದು ಹೊರಬಂದು 1906ಕ್ಕೆ ಕರೆ ಮಾಡಿರಿ.

ವಾಸನೆ ಶೌಚದ ಗುಂಡಿಯಿಂದಲೇ ಬರುತ್ತಿದ್ದರೆ ಅದರ ಗಾಳಿಕೊಳವೆ ಚಾವಣಿಗಿಂತ ಎತ್ತರದಲ್ಲಿದೆಯೇ, ಬಾಯಿ ಕಟ್ಟಿದೆಯೇ ನೋಡಬೇಕು. ಗುಂಡಿ ತುಂಬಿದ್ದರೆ ಹೀರುಯಂತ್ರದ ವಾಹನವನ್ನೇ ಕರೆಸಬೇಕು. ನೂರಿನ್ನೂರು ರೂಪಾಯಿ ಉಳಿಸಲು ಯಾರನ್ನಾದರೂ ಒಳಗಿಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದು ಇಳಿದವನು ಮೇಲೆ ಬರುವುದಿಲ್ಲ.

ಇನ್ನು ಮಾಲೀಕರ ಭಯದ ಮಾತು. ನಾನೇ ಆ ಶಿಕ್ಷಕಿಯೊಡನೆ ಮನೆಯೊಡೆಯರ ಬಳಿಗೆ ಹೋದೆ. "ಸೋರಿದ ನೀರು ಮೊದಲು ಕೆಡಿಸುವುದು ನಿಮ್ಮ ಸ್ಲ್ಯಾಬಿನ ಕಬ್ಬಿಣವನ್ನು, ಯಜಮಾನರೇ," ಎಂದು ಹಾಳೆಯ ಹಿಂದಿನ ಹನಿಗಳನ್ನು ತೋರಿಸಿದೆ. ಮೊದಲು ಗೊಣಗಿದರು. ಎಂಟು ದಿನಗಳಲ್ಲಿ ಮೇಲಿನ ನೀರಿನ ತೊಟ್ಟಿಯ ಕೊಳವೆ ಬದಲಿಸಿದರು. ಗೋಡೆ ಚೆನ್ನಾಗಿ ಆರಿದ ಮೇಲೆ ಬೂಷ್ಟು ಕೆರೆಸಿ ಸುಣ್ಣ ಬಳಿಸಿದರು. ಬಣ್ಣಕ್ಕಿಂತ ಸುಣ್ಣವೇ ಮೇಲು, ಅದರ ಕ್ಷಾರಗುಣಕ್ಕೆ ಬೂಷ್ಟು ಬೇಗ ಬೇರೂರದು. ಬಾಡಿಗೆಗೆ ಹೋಗುವವರು ಮುಂಗಡ ಕೊಡುವ ಮೊದಲೇ ಮುಚ್ಚಿದ ಮನೆಯನ್ನು ತೆರೆಸಿದ ಕ್ಷಣದಲ್ಲಿ ಒಳಹೊಕ್ಕು ಮೂಸಿ ನೋಡುವುದು ಒಳ್ಳೆಯದು. ಹತ್ತು ನಿಮಿಷ ಒಳಗಿದ್ದರೆ ಮೂಗು ಆ ವಾಸನೆಗೆ ಒಗ್ಗಿಕೊಂಡು ಸುಳ್ಳು ಹೇಳತೊಡಗುತ್ತದೆ.

ಅಲಮಾರಿ ಈಗ ಗೋಡೆಯಿಂದ ನಾಲ್ಕು ಬೆರಳು ದೂರವಿದೆ. ಹಾಸಿಗೆಗಳು ವಾರಕ್ಕೊಮ್ಮೆ ಬಿಸಿಲು ಕಾಣುತ್ತವೆ. ಲೋಬಾನ ಅಮಾವಾಸ್ಯೆಗೊಮ್ಮೆ, ಕಿಟಕಿ ತೆರೆದಿಟ್ಟು. ಬಾಲಕನ ರಾತ್ರಿಯ ಕೆಮ್ಮು ಒಂದು ತಿಂಗಳಲ್ಲಿ ಇಳಿಯಿತು. ಚಳಿಗಾಲದಲ್ಲಿ ಒಮ್ಮೆ ಮತ್ತೆ ಉಬ್ಬಸ ಕಾಣಿಸಿಕೊಂಡಾಗ ನಾನು ತಡಮಾಡದೆ ಮಕ್ಕಳ ತಜ್ಞರಲ್ಲಿಗೆ ಕಳುಹಿಸಿದೆ.